ಜಾಳಿ ಬೇಕು ಅಂದಿದ್ದಳು ಅಕ್ಕ

ಹೊಸ ಕೈಗವಸಿನ ಮಡಿಕೆ ಹೋಗಲಿಕ್ಕೆ ಅರ್ಧ ದಿನದ ಕೆಲಸ ಸಾಕು. ನೀವು ಕಾರ್ಖಾನೆಯೊಳಗೆ ಕಾಲಿಟ್ಟಾಗ ಎಲ್ಲರ ಕೈಗೂ ಕೈಗವಸಿದ್ದು, ಪ್ರತಿಯೊಂದರ ಮೇಲೂ ಮಡಿಕೆಯ ಗೆರೆ ಕಾಣುತ್ತಿದ್ದರೆ, ನಿಮ್ಮ ಜೀಪಿನ ಸಪ್ಪಳ ಕೇಳಿದ ಮೇಲೆ ಅವು ಪೊಟ್ಟಣದಿಂದ ಹೊರಬಂದಿವೆ ಎಂದು ತಿಳಿಯಿರಿ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕೇಳುತ್ತಿರುತ್ತಾರೆ, ‘ಕಾಕಾ, ನೀವು ಹೋದಲ್ಲಿ ಏನೇನು ನೋಡತಿದ್ರಿ?’ ಎಂದು. ಇಂಥದನ್ನೇ ನೋಡುತ್ತಿದ್ದೆ. ನೋಡುವುದನ್ನು ಯಾರಾದರೂ ಕಲಿಯಬಹುದು. ನನಗೆ ಕಷ್ಟವಾದದ್ದು ಬೇರೆ. ಅದನ್ನು ಬರೆಯಲಿಕ್ಕೆ ಕೂತಿದ್ದೇನೆ.

ನಾನು ಓದಿದ್ದು ಏಳನೇ ಇಯತ್ತೆ. ಹುಟ್ಟಿದ್ದು ಆಳಂದದ ಕಡೆಯ ಹಳ್ಳಿಯಲ್ಲಿ. ಮದುವೆಯಾದ ಮೇಲೆ ಹೆಂಡತಿಯ ಊರಾದ, ಮಹಾರಾಷ್ಟ್ರದ ಉಮರ್ಗಾಕ್ಕೆ ಬಂದು ಅಲ್ಲಿಯವನೇ ಆದೆ. ಲಾತೂರಿನ ಒಂದು ಕಚೇರಿಗೆ ಜೀಪು ಓಡಿಸಲು ಸೇರಿಕೊಂಡೆ. ಪುಣೆ, ಮುಂಬಯಿಯ ದೊಡ್ಡ ಕಂಪನಿಗಳು ನಮ್ಮ ಕಡೆಯ ಸಣ್ಣ ಕಂಪನಿಗಳಿಂದ ಬೇಳೆ, ಎಣ್ಣೆ, ಬೆಲ್ಲದ ಪುಡಿ ಕೊಳ್ಳುತ್ತವೆ. ಕೊಳ್ಳುವ ಮೊದಲು ಆ ಸಣ್ಣ ಕಂಪನಿ ನೆಲ ನೀರು ಕೆಡಿಸದೆ, ಕೆಲಸದವರನ್ನು ನೋಯಿಸದೆ, ಸರಿಯಾದ ಆಡಳಿತದಲ್ಲಿ ನಡೆಯುತ್ತಿದೆಯೇ ಎಂದು ಯಾರಾದರೂ ಹೋಗಿ ನೋಡಿ ಬರಬೇಕು. ನೋಡಿ ಬರುವವರು ನಮ್ಮ ಕಚೇರಿಯವರು. ಅವರ ಕಾಗದದಲ್ಲಿ ಸುಸ್ಥಿರತೆ, ಆಡಳಿತ ಎಂದೆಲ್ಲ ದೊಡ್ಡ ಮಾತುಗಳಿದ್ದವು. ನಾನು ನನಗೆ ತಿಳಿಯುವಂತೆ ಮಾಡಿಕೊಂಡಿದ್ದೆ: ನೀರು ಎಲ್ಲಿಗೆ ಹೋಗುತ್ತದೆ, ಹೊಗೆ ಎಲ್ಲಿಗೆ ಹೋಗುತ್ತದೆ, ಕೆಲಸದವರು ಸಂಜೆ ಎಂಥ ಮೈಯಲ್ಲಿ ಮನೆಗೆ ಹೋಗುತ್ತಾರೆ, ಮತ್ತು ಆ ಜಾಗದಲ್ಲಿ ಮಾತು ಯಾರದು ನಡೆಯುತ್ತದೆ. ಇಷ್ಟೇ.

ಜೀಪಿನಿಂದ ಇಳಿದದ್ದು ಅಕಸ್ಮಾತ್ತಾಗಿ. ಉಮರ್ಗಾದ ಹತ್ತಿರ ಒಂದು ಸಣ್ಣ ಕಾರ್ಖಾನೆಯಲ್ಲಿ ಹಮಾಲರೆಲ್ಲ ಗಡಿಯಾಚೆಯ ನಮ್ಮ ಕನ್ನಡದ ಮಂದಿ. ತಪಾಸಣೆಗೆ ಬಂದಿದ್ದ ನಮ್ಮ ಕಚೇರಿಯ ಮ್ಯಾಡಮ್ ಮರಾಠಿಯಲ್ಲಿ ಕೇಳಿದ್ದಕ್ಕೆಲ್ಲ ‘ಹೋ, ಹೋ’ ಎಂದು ತಲೆಯಾಡಿಸಿದರು. ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ಮ್ಯಾಡಮ್ ತಿರುಗಿ, ‘ನಗೋದು ಬಿಟ್ಟು ಒಳಗ ಬಾ, ನೀನೇ ಕೇಳು’ ಎಂದರು. ನಾನು ಕನ್ನಡದಲ್ಲಿ ಕೇಳಿದೆ. ಅಲ್ಲಿಯವರೆಗೆ ಎಲ್ಲ ಸುಖವಾಗಿದ್ದ ಹಮಾಲರಿಗೆ ಒಮ್ಮೆಲೇ ಬೆನ್ನು ನೋವು, ಕೆಮ್ಮು, ಬಾಕಿ ಪಗಾರ ಎಲ್ಲ ನೆನಪಾಯಿತು. ಅಂದಿನಿಂದ ನಾನು ದುಭಾಷಿ. ಮುಂದೆ ನನ್ನ ಹುದ್ದೆಗೆ ಏನೇನು ಹೆಸರು ಬಂದವು ಎಂಬುದು ಬೇಡ. ಕೊನೆಯತನಕ ಮಾಡಿದ್ದು ಅದೇ: ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು.

ಮ್ಯಾಡಮ್ ಅಂದರೆ ಸುನೀತಾಬಾಯಿ. ಪುಣೆಯವರು. ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊಂಡು ಗಟಾರದ ಗುಂಟ ನಡೆಯುತ್ತಿದ್ದರು. ಮಾಲಕರು ಕುರ್ಚಿ ಹಾಕಿ ಬಾದಾಮಿ ಹಾಲು ತರಿಸಿದರೆ, ‘ಮೊದಲ ಮೋರಿ, ಆಮ್ಯಾಲ ಮೂತಿ’ ಎಂದು ಹಿತ್ತಲಿಗೆ ನಡೆದುಬಿಡುತ್ತಿದ್ದರು. ಮರಾಠಿಯ ಆ ಮಾತನ್ನು ನಾನು ಇಲ್ಲಿ ನಮ್ಮ ಮಾತಿನಲ್ಲಿ ಬರೆದಿದ್ದೇನೆ. ಮುಂದೆಯೂ ಹಾಗೇ.

ನಾನು ಮೊದಲು ಮೋಸ ಹೋದದ್ದು ಗಿಡಗಳಿಂದ. ನಿಲಂಗಾ ರಸ್ತೆಯ ಒಂದು ಎಣ್ಣೆ ಗಿರಣಿಯ ಅಂಗಳದಲ್ಲಿ ಎರಡೂ ಕಡೆ ಬೇವು, ಹೊಂಗೆ ಸಾಲಾಗಿ ನಿಂತಿದ್ದವು. ನನಗೆ ಬಹಳ ಸಂತೋಷವಾಯಿತು, ಮ್ಯಾಡಮ್‌ಗೆ ಒತ್ತಿ ಒತ್ತಿ ತೋರಿಸಿದೆ. ಅದರಲ್ಲಿ ಒಂದು ಬೇವಿನ ಸಸಿಯ ತುದಿ ಮುರಿದಿತ್ತು. ಯಾರೋ ಕೆಂಪು ದಾರ ಕಟ್ಟಿದ್ದರು. ಕೆಲವು ದಿನಗಳಾದ ಮೇಲೆ ಜಳಕೋಟದ ಕಡೆ ಇನ್ನೊಂದು ಗಿರಣಿಗೆ ಹೋದಾಗ ಅದೇ ಬೇವು, ಅದೇ ಕೆಂಪು ದಾರ, ಬಾಗಿಲ ಬಲಕ್ಕೆ ನಿಂತಿತ್ತು. ಕುಂಡದ ಸಮೇತ ಮಣ್ಣಲ್ಲಿ ಹುಗಿದಿದ್ದರು. ಮಾಲಕನನ್ನು ಕೇಳಿದರೆ ಆತ ಸ್ವಲ್ಪವೂ ನಾಚಲಿಲ್ಲ.

‘ಬಾಡಿಗಿ ಗಿಡ ಅದಾವ್ರೀ. ಲಗ್ನಕ್ಕ ಮಂಟಪ ತರ್ತೀವಿಲ್ಲೇನು, ಹಂಗ.’

ಮ್ಯಾಡಮ್ ದಾರಿಯುದ್ದಕ್ಕೂ ನನ್ನನ್ನು ಕಾಡಿದರು. ‘ಶರಣಪ್ಪಾ, ಆ ಬೇವಿನ ಗಿಡಕ್ಕ ಒಂದು ಪ್ರವಾಸ ಭತ್ತೆ ಕೊಡಸೋಣೇನು? ನಮ್ಮಕಿಂತ ಜಾಸ್ತಿ ತಿರಗ್ಯಾದ.’ ಅಂದಿನಿಂದ ನಾನು ಗಿಡ ಕಂಡರೆ ಮೊದಲು ಬುಡದ ಮಣ್ಣನ್ನು ಕಾಲಿನಿಂದ ಒತ್ತಿ ನೋಡುತ್ತಿದ್ದೆ.

ಎರಡನೆಯ ಪಾಠ ಬೆಲ್ಲದ ಪುಡಿ ಮಾಡುವ ಒಂದು ಕಂಪನಿಯಲ್ಲಿ. ಕಾಗದದ ಮೇಲೆ ಅದಕ್ಕೆ ಮೂವರು ಡೈರೆಕ್ಟರು: ಮಾಲಕ, ಆತನ ಹೆಂಡತಿ, ಆತನ ತಾಯಿ. ಹೆಣ್ಣುಮಕ್ಕಳಿಗೆ ಎಷ್ಟು ಮಾನ ಕೊಟ್ಟಿದ್ದೇನೆ ನೋಡಿರಿ ಎಂದು ಆತ ಎದೆಯುಬ್ಬಿಸಿದ. ಮ್ಯಾಡಮ್ ಮುದುಕಿಯನ್ನು ಒಬ್ಬಳನ್ನೇ ಕಾಣಬೇಕು ಅಂದರು. ಆಕೆ ಹಿತ್ತಲಲ್ಲಿ ಸೇಂಗಾ ಸುಲಿಯುತ್ತಿದ್ದಳು. ನಮ್ಮ ಕಡೆಯವಳೇ. ‘ಆಯಿ, ಕಂಪನಿ ಕಾಗದಕ್ಕ ಹೆಬ್ಬಟ್ಟು ಒತ್ತೀರೇನು?’ ಎಂದು ಕೇಳಿದೆ.

‘ಒತ್ತೀನಲ್ಲಪಾ. ಮುದುಕ್ಯಾರ ಪಗಾರ ಚಾಲೂ ಆಗ್ತದ ಅಂದಾನ ಮಗ. ಇನ್ನೂ ಬಂದಿಲ್ಲ. ನೀವು ಅದಕ್ಕೇ ಬಂದೀರೇನು?’

ನಾನು ಅದನ್ನು ಇದ್ದಂತೆಯೇ ಮರಾಠಿಯಲ್ಲಿ ಹೇಳಿದೆ. ಮ್ಯಾಡಮ್ ನಗಲಿಲ್ಲ. ಮರಳಿ ಬರುವಾಗ ಎರಡು ನೇಮ ಹೇಳಿದರು. ಹೆಸರಿಗೆ ಮಾಡಿದ ಡೈರೆಕ್ಟರ್ ಯಾರೇ ಇರಲಿ, ಅವರನ್ನು ಒಬ್ಬರನ್ನೇ ಕೂಡಿಸಿ, ಅವರ ಮಾತಿನಲ್ಲೇ ಕೇಳಬೇಕು; ಮನೆಯ ಗಂಡಸರು ಹತ್ತಿರ ಇರಕೂಡದು. ಮತ್ತೆ, ಆ ಕಂಪನಿ ನಿಮ್ಮ ಬೀಗರದೋ ಬಳಗದವರದೋ ಆಗಿದ್ದರೆ ಮೊದಲೇ ಹೇಳಿ ಜೀಪಿನಲ್ಲೇ ಕೂಡಬೇಕು. ನಾನು ಎರಡಕ್ಕೂ ಹೂಂ ಅಂದೆ.

ನನಗೆ ಒಬ್ಬಳೇ ಅಕ್ಕ, ಶಾಂತಕ್ಕ. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು. ಆಕೆಯನ್ನು ಕೊಟ್ಟದ್ದು ಉದಗೀರಿನ ಒಂದು ವ್ಯಾಪಾರಿ ಮನೆತನಕ್ಕೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಲೆಕ್ಕ ಇರುವ ಜನ. ಅಕ್ಕನ ಗಂಡನಿಗೆ ನಾವು ಗಡಿಯವರು ಮರಾಠಿಯವರಂತೆ ದಾಜಿ ಅನ್ನುತ್ತೇವೆ. ದಾಜಿಯದು ತೊಗರಿ ಬೇಳೆಯ ಗಿರಣಿ. ಅದನ್ನು ಕಂಪನಿ ಮಾಡಿದಾಗ ಅಕ್ಕನನ್ನೂ ಡೈರೆಕ್ಟರ್ ಎಂದು ಸೇರಿಸಿದ್ದರು.

ಗಿರಣಿಯೊಳಗೆ ಒಂದೇ ಮೋಟಾರು. ಅದು ಒಂದು ಉದ್ದನೆಯ ಕಬ್ಬಿಣದ ದಂಡವನ್ನು ತಿರುಗಿಸುತ್ತಿತ್ತು. ಆ ದಂಡದಿಂದ ಪಟ್ಟಾಗಳು, ಅಂದರೆ ಬೆಲ್ಟುಗಳು, ಬೇರೆ ಬೇರೆ ಯಂತ್ರಗಳಿಗೆ ಹೋಗುತ್ತಿದ್ದವು. ಒಂದು ಪಟ್ಟಾ ಬೇಳೆ ಹಸನು ಮಾಡುವ ಹೆಣ್ಣುಮಕ್ಕಳು ಕೂಡುವ ಜಾಗದ ಮಗ್ಗುಲಲ್ಲೇ ಓಡುತ್ತಿತ್ತು. ಅದಕ್ಕೆ ಕಟಕಟೆಯಿಲ್ಲ, ಮುಚ್ಚಲು ತಂತಿಯ ಜಾಳಿಯಿಲ್ಲ. ಕೆಳಗೆ ಬಿದ್ದ ಹೊಟ್ಟು ಬಳಿಯಬೇಕಾದರೆ ಬಗ್ಗಿ ಅದರ ಹತ್ತಿರ ಕೈ ಚಾಚಬೇಕು. ಅಕ್ಕನ ಅಡಿಗೆಮನೆಯ ಬಾಗಿಲು ಗಿರಣಿಯ ಅಂಗಳಕ್ಕೇ ತೆರೆಯುತ್ತಿತ್ತು. ಮಧ್ಯಾಹ್ನ ಆ ಹೆಣ್ಣುಮಕ್ಕಳಿಗೆ ಛಾ ಒಯ್ಯುವಳು ಆಕೆಯೇ. ಛಾದ ಕಿಟಲಿಯ ಜೊತೆ ಒಂದಿಷ್ಟು ಪಿನ್ನುಗಳನ್ನೂ ಒಯ್ಯುತ್ತಿದ್ದಳು. ಯಾರದಾದರೂ ಸೆರಗು ಸಡಿಲಿದ್ದರೆ ತಾನೇ ಪಿನ್ನು ಚುಚ್ಚಿ, ‘ಗಟ್ಟಿ ಸಿಗಿಸಗೋ’ ಎಂದು ಬೈಯುತ್ತಿದ್ದಳು. ಅವರು ನಗುತ್ತಿದ್ದರು, ‘ಮಾಲಕೀಣಬಾಯಿ ಸಕ್ಕರಿ ಮರೀತಾಳ, ಪಿನ್ನು ಮರಿಯಲ್ಲ’ ಎಂದು.

ನಮ್ಮ ಕಚೇರಿಯ ಯಾದಿಯಲ್ಲಿ ದಾಜಿಯ ಗಿರಣಿಯ ಹೆಸರು ಬಂತು. ದಾಜಿಯ ಫೋನೂ ಬಂತು.

‘ಶರಣಪ್ಪಾ, ನೀನ ಬರ್ತಿ ಅಲ್ಲ ಜೋಡಿ? ಸಂಬಂಧ ಗಿಂಬಂಧ ಅಲ್ಲಿ ತಗೀಬ್ಯಾಡ. ಮನಿಯವರಿಗೂ ಹೇಳೀನಿ. ಇದು ಪಾಸಾದ್ರ ದೊಡ್ಡ ಗಿರಾಕಿ ಕೈಗೆ ಬರ್ತದ. ನಿಮ್ಮಕ್ಕನ ಮನಿನೇ ಅಲ್ಲೇನು ಬೆಳಿಯೋದು?’

ದಾಜಿಯ ಅಡ್ಡಹೆಸರು ಬೇರೆ ಇದ್ದುದರಿಂದ ಮ್ಯಾಡಮ್‌ಗೆ ಸಂಬಂಧ ತಿಳಿಯಲಿಲ್ಲ. ನಾನು ಹೇಳಲಿಲ್ಲ. ದಾರಿಯಲ್ಲಿ ಹೇಳಬೇಕೆಂದು ಬಾಯಿ ತೆರೆದದ್ದು ನಿಜ. ಆದರೆ ಉದಗೀರಿನ ಕೋಟೆ ಕಾಣುವ ಹೊತ್ತಿಗೆ, ‘ಅಕ್ಕನ ಮನೆ ನಡೆಯಲಿ, ಅದರಲ್ಲಿ ಯಾರ ಗಂಟು ಹೋಗುತ್ತದೆ’ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅಕ್ಕನ ಮನೆಗೆ ಕುಪ್ಪಸದ ಖಣವಿಲ್ಲದೆ ಬರಿಗೈಯಲ್ಲಿ ಹೋದದ್ದು ಆ ದಿನವೇ ಮೊದಲು. ಪರಕೀಯನ ಹಾಗೆ ಹೋಗಬೇಕಿತ್ತಲ್ಲ.

ಗಿರಣಿ ತೊಳೆದು ಬಳಿದು ಇಟ್ಟಿದ್ದರು. ಆ ದಂಡದ ಮೋಟಾರನ್ನು ಬಂದ್ ಮಾಡಿದ್ದರು, ರಿಪೇರಿ ಇದೆ ಎಂದು. ನಿಂತ ಪಟ್ಟಾ ಯಾರಿಗೂ ಹೆದರಿಕೆ ಹುಟ್ಟಿಸುವುದಿಲ್ಲ. ಮ್ಯಾಡಮ್ ಅದರ ಮುಂದೆ ಹಾದು ಹೋದರು. ಆಮೇಲೆ ತಮ್ಮ ನೇಮದಂತೆ, ಡೈರೆಕ್ಟರ್ ಶಾಂತಾಬಾಯಿಯನ್ನು ಒಬ್ಬರನ್ನೇ ಕಾಣಬೇಕು ಅಂದರು. ಅಡಿಗೆಮನೆಯಲ್ಲಿ ಮೂವರೇ ಕೂತೆವು, ಮ್ಯಾಡಮ್, ಅಕ್ಕ, ನಾನು.

ಅಕ್ಕನಿಗೆ ಮರಾಠಿ ಬರುತ್ತಿತ್ತು. ಪೇಟೆಯಲ್ಲಿ ಕಾಯಿಪಲ್ಯೆಯವನನ್ನು ಮಾತಿನಲ್ಲಿ ಮಣ್ಣು ಮುಕ್ಕಿಸುವಷ್ಟು ಬರುತ್ತಿತ್ತು. ಆದರೆ ಓದಿದವರ ಮುಂದೆ ಆಕೆಯ ನಾಲಿಗೆ ತಡೆಯುತ್ತಿತ್ತು. ಆಕೆ ನನ್ನ ಕಡೆ ತಿರುಗಿದಳು.

‘ನಾ ನಮ್ಮ ಮಾತಿನ್ಯಾಗೇ ಹೇಳ್ತೀನಿ. ಬಾಯಿಯವರಿಗಿ ನೀವು ತಿಳಿಸಿ ಹೇಳ್ರೀ.’

ನನ್ನನ್ನು ಶರಣ್ಯಾ ಅನ್ನುವ ಅಕ್ಕ ನನಗೆ ರೀ ಹಚ್ಚಿದಳು. ಗಂಡ ಹೇಳಿದ್ದನ್ನು ಪಾಲಿಸುತ್ತಿದ್ದಳು.

ಮ್ಯಾಡಮ್ ಕೇಳಿದರು, ‘ಕೆಲಸ ಮಾಡೋ ಹೆಣ್ಣುಮಕ್ಕಳಿಗೆ ಇಲ್ಲಿ ಏನಾದರೂ ಅಪಾಯ ಅದ ಅನಸ್ತದೇನು?’

ಅಕ್ಕ ಒಂದು ಗಳಿಗೆಯೂ ಯೋಚಿಸಲಿಲ್ಲ. ಈ ಪ್ರಶ್ನೆಗೇ ಕಾಯುತ್ತಿದ್ದವಳಂತೆ ಹೇಳಿದಳು: ‘ಆ ಪಟ್ಟಾಕ್ಕ ಜಾಳಿ ಬೇಕ್ರೀ. ಇವತ್ತ ಬಂದ್ ಮಾಡ್ಯಾರ, ದಿನಾ ಓಡ್ತದ. ಲಕ್ಷ್ಮೀಬಾಯಿ ಅಂತ ಒಬ್ಬಾಕಿ ಇದ್ದಾಳ, ಆಕಿ ಸೆರಗು ಒಮ್ಮಿ ಎಳಕೊಂಡಾದ. ದೇವರ ದಯಾ, ಹರಿದು ಬಂತು. ಮನ್ಯಾಗ ಹೇಳೀನಿ, ಸುಗ್ಗಿ ಮುಗೀಲಿ ಅಂತಾರ. ನೀವು ಹೇಳಿದ್ರ ಮಾಡ್ತಾರ. ಜಾಳಿ ಬೇಕು ಅಂತ ಬರ್ಕೋರಿ.’

ಮ್ಯಾಡಮ್ ಪೆನ್ನು ಹಿಡಿದು, ಹಾಳೆ ನೋಡುತ್ತ, ನನ್ನ ಮಾತಿಗೆ ಕಾಯುತ್ತಿದ್ದರು. ನಾನು ಮರಾಠಿಯಲ್ಲಿ ಹೇಳಿದೆ:

‘ತ್ಯಾ ಮ್ಹಣತಾತ, ಸಗಳಂ ಠೀಕ ಆಹೇ.’

ಎಲ್ಲ ಸರಿಯಾಗಿದೆ ಅನ್ನುತ್ತಾರೆ. ಮ್ಯಾಡಮ್ ಬರೆದುಕೊಂಡರು.

ಅಕ್ಕನಿಗೆ ಮರಾಠಿ ಬರುತ್ತಿತ್ತು ಎಂದು ಹೇಳಿದೆನಲ್ಲ. ಆಕೆ ನನ್ನ ಮುಖ ನೋಡಿದಳು. ಒಂದೇ ಮಾತು ಆಡಿದ್ದರೆ ಸಾಕಿತ್ತು, ‘ಇಲ್ಲ ಬಾಯಿ, ಇಂವಾ ಸುಳ್ಳು ಹೇಳ್ಲಕತ್ಯಾನ’ ಎಂದು. ಆಡಿದ್ದರೆ ನನ್ನ ಕೆಲಸ ಅಲ್ಲೇ ಹೋಗುತ್ತಿತ್ತು. ಆಕೆ ಎದ್ದು ಒಲೆಯ ಕಡೆ ತಿರುಗಿ, ಛಾ ಸೋಸಿದಳು. ಮೂರು ಕಪ್ಪು ತಂದಿಟ್ಟಳು. ನಾನು ಕುಡಿದೆ.

ಗಿರಣಿ ಪಾಸಾಯಿತು. ಸುಗ್ಗಿ ಬಂತು. ತೊಗರಿಯ ಚೀಲಗಳು ಅಂಗಳದ ತನಕ ಬಂದು ಬಿದ್ದಿದ್ದಾಗ, ಹೊಟ್ಟು ಬಳಿಯಲು ಬಗ್ಗಿದ ಲಕ್ಷ್ಮೀಬಾಯಿಯ ಸೆರಗನ್ನು ಪಟ್ಟಾ ಎಳೆಯಿತು. ಬಿಡಿಸಿಕೊಳ್ಳಲು ಆಕೆ ಬಲಗೈ ಹಾಕಿದಳು. ಕೈ ಮುಂಗೈಯಿಂದಾಚೆ ಉಳಿಯಲಿಲ್ಲ.

ವಿಚಾರಣೆಗೆ ಸರಕಾರದ ಅಧಿಕಾರಿ ಬಂದ ದಿನ ನಾನು ಅಲ್ಲಿದ್ದೆ, ತಮ್ಮನಾಗಿ. ಕೆಲಸದವರೆಲ್ಲ ಅಂಗಳದಲ್ಲಿ ನಿಂತಿದ್ದರು. ಅಧಿಕಾರಿ ಅಕ್ಕನನ್ನು ಕೇಳಿದರು, ‘ನೀವು ಡೈರೆಕ್ಟರ್. ನೋಡಲಿಕ್ಕೆ ಬಂದವರ ಮುಂದೆ ಎಲ್ಲ ಸರಿ ಅದ ಅಂತ ನೀವೇ ಹೇಳೀರಂತ. ಖರೇ ಏನು?’

ಅಕ್ಕ ಒಂದು ಸಲ ನನ್ನ ಕಡೆ ನೋಡಿದಳು. ನಾನು ಆಗ ಬಾಯಿ ಬಿಡಬಹುದಿತ್ತು. ನನ್ನ ಹೆಂಡತಿ ಬಸುರಿ ಇದ್ದಳು, ಮನೆ ಬಾಡಿಗೆಯದು ಎಂದೆಲ್ಲ ಕಾರಣಗಳನ್ನು ಆಮೇಲೆ ಜೋಡಿಸಿದ್ದೇನೆ. ಆ ಗಳಿಗೆಯಲ್ಲಿ ತಲೆಯಲ್ಲಿ ಏನೂ ಇರಲಿಲ್ಲ, ಹೆದರಿಕೆ ಮಾತ್ರ. ನಾನು ನೆಲ ನೋಡಿದೆ.

‘ಹೋ,’ ಎಂದಳು ಅಕ್ಕ. ಹೌದು.

ಮುಂದೆ ಜಾಳಿ ಬಂತು. ಸರಕಾರಕ್ಕೆ ದಂಡದ ಹಣ ಕಟ್ಟಿದರು, ಆಸ್ಪತ್ರೆಯ ಖರ್ಚನ್ನೂ ಕೊಟ್ಟರು. ಆದರೆ ಲಕ್ಷ್ಮೀಬಾಯಿಯ ಓಣಿಯಲ್ಲಿ ಒಂದು ಮಾತು ಹುಟ್ಟಿತು: ‘ಛಾ ಕುಡಿಸಿ ಕೈ ತಿಂದಾಕಿ.’ ಅಕ್ಕ ಕಿಟಲಿ ಹಿಡಿದು ಹೋದರೆ ಹೆಣ್ಣುಮಕ್ಕಳು ಕಪ್ಪು ಮುಂದೆ ಮಾಡಲಿಲ್ಲ. ಕೆಲವು ದಿನ ಒಯ್ದಳು, ಹಾಗೇ ತಿರುಗಿ ತಂದಳು. ಆಮೇಲೆ ಅಂಗಳಕ್ಕೆ ತೆರೆಯುವ ಆ ಬಾಗಿಲನ್ನು ಮುಚ್ಚಿಬಿಟ್ಟಳು.

ನನ್ನನ್ನು ಆಕೆ ಬೈಯಲಿಲ್ಲ. ಪಂಚಮಿಗೆ ಕರೆಯಲು ಹೋದೆ. ನಮ್ಮಲ್ಲಿ ನಾಗರ ಪಂಚಮಿಗೆ ತಮ್ಮ ಹೋಗಿ ಕರೆಯಬೇಕು, ಅಕ್ಕ ತವರಿಗೆ ಬಂದು ಉಂಡಿ ಕಟ್ಟಬೇಕು, ಜೋಕಾಲಿ ಆಡಬೇಕು. ಅವ್ವ ಅಪ್ಪ ಹೋದ ಮೇಲೆ ಆಕೆಗೆ ತವರೆಂದರೆ ನನ್ನ ಮನೆಯೇ. ‘ಅಕ್ಕಾ, ಪಂಚಮಿಗಿ ನಡಿ’ ಎಂದೆ. ಆಕೆ ತಟ್ಟೆಯಲ್ಲಿ ಅವಲಕ್ಕಿ ತಂದಿಟ್ಟು ಹೇಳಿದಳು, ‘ನಾಹೀ.’

ಇಲ್ಲ. ಮರಾಠಿಯಲ್ಲಿ. ಅಂದಿನಿಂದ ನನ್ನ ಜೊತೆ ಆಕೆ ಆಡುವುದೆಲ್ಲ ಮರಾಠಿ. ಗಂಡನ ಜೊತೆ, ಮಕ್ಕಳ ಜೊತೆ, ನನ್ನ ಹೆಂಡತಿಯ ಜೊತೆ ಕೂಡ ಕನ್ನಡ. ನನ್ನ ಜೊತೆ ಮಾತ್ರ ಮರಾಠಿ. ಕೂಡು, ಉಣ್ಣು, ಮಕ್ಕಳು ಹೇಗಿದ್ದಾರೆ, ಎಲ್ಲ ಅದರಲ್ಲೇ. ನನ್ನ ಮಾತನ್ನು ತಿರುಗಿಸಲು ಇನ್ನು ನೀನು ಬೇಡ ಎಂದು ಆಕೆ ಹೇಳುತ್ತಿದ್ದಳೋ, ಬೇರೆ ಏನಾದರೂ ಇತ್ತೋ, ನಾನು ಕೇಳಲಿಲ್ಲ. ಪ್ರತಿ ವರ್ಷ ಪಂಚಮಿಗೆ ಹೋಗಿ ಕರೆದೆ. ಪ್ರತಿ ವರ್ಷ ‘ನಾಹೀ.’

ನನ್ನ ಕೆಲಸ ನಡೆದೇ ಇತ್ತು. ಪದ್ಧತಿಗಳು ಬದಲಾದವು. ಮೊದಲು ಕಾಗದ, ಪೆನ್ನು. ಆಮೇಲೆ ಫೋನಿನಲ್ಲಿ ಫೋಟೋ; ಎಲ್ಲಿ ತೆಗೆದದ್ದು ಎಂದು ಅದೇ ಹೇಳುತ್ತದೆ. ಬಾಡಿಗೆ ಗಿಡಗಳ ಆಟ ಅದರಿಂದ ಕಡಿಮೆಯಾಯಿತು. ಈಗ ಎಷ್ಟೋ ಕಂಪನಿಗಳು ಪ್ರಶ್ನೆಗಳಿಗೆ ತಾವೇ ಉತ್ತರ ತುಂಬಿ, ತಾವೇ ಫೋಟೋ ಹಚ್ಚಿ ಕಳಿಸುತ್ತವೆ. ಹೊಸಬರು ಅದನ್ನು ಕಂಪ್ಯೂಟರಿನಲ್ಲಿ ನೋಡಿ ಅಂಕ ಕೊಡುತ್ತಾರೆ. ಬೇಡ ಎನ್ನುವುದಿಲ್ಲ. ಆದರೆ ಫೋಟೋದಲ್ಲಿ ಎಲ್ಲ ಪಟ್ಟಾಗಳೂ ನಿಂತೇ ಇರುತ್ತವೆ. ಅದಕ್ಕೇ ಹೋಗಿರಿ. ಯಂತ್ರ ಓಡುವಾಗ ಹೋಗಿರಿ, ಓಡಿಸಿ ತೋರಿಸಿರಿ ಎಂದು ಹಟ ಹಿಡಿಯಿರಿ. ಉತ್ತರ ಹೇಳುವವರ ಮುಖ ನೋಡಿರಿ, ಹಾಳೆ ಆಮೇಲೆ.

ನನ್ನ ನಿವೃತ್ತಿಯ ಹೊತ್ತಿಗೆ ಸುನೀತಾಬಾಯಿ ಕೆಲಸ ಬಿಟ್ಟು ಪುಣೆಯಲ್ಲಿದ್ದರು. ಫೋನು ಮಾಡಿ ಎಲ್ಲ ಹೇಳಿದೆ.

‘ಆಕಿ ಅಷ್ಟು ಉದ್ದ ಮಾತಾಡಿದ್ಳು, ನೀ ಅಷ್ಟು ಸಣ್ಣದು ಹೇಳಿದಿ. ನಂಗ ತಿಳೀಬೇಕಾಗಿತ್ತು,’ ಎಂದರು. ‘ನಾ ಹಾಳಿ ನೋಡ್ಕೋತ ಕೂತಿದ್ದೆ.’

‘ತಪ್ಪು ನಂದ್ರೀ ಮ್ಯಾಡಮ್.’

‘ನಿಂದೇ. ಕಚೇರಿಗಿ ನಾ ತಿಳಸ್ತೀನಿ. ಆದ್ರ ಶರಣಪ್ಪಾ, ನಂಗ ಹೇಳಿ ಹಗರಾಗಬ್ಯಾಡ. ಹೇಳಬೇಕಾದವ್ರು ನಾ ಅಲ್ಲ.’

ಮರುದಿನ ಉದಗೀರಿಗೆ ಹೋದೆ. ಅಕ್ಕನ ಮನೆಗಲ್ಲ, ಲಕ್ಷ್ಮೀಬಾಯಿಯ ಓಣಿಗೆ. ಆಕೆ ಕಟ್ಟೆಯ ಮೇಲೆ ಕೂತು ಎಡಗೈಯಲ್ಲಿ ಮೆಂತ್ಯದ ಎಲೆ ಬಿಡಿಸುತ್ತಿದ್ದಳು. ಬಲಗೈಯ ಮೋಟು ತುದಿಯಿಂದ ಕಂತೆಯನ್ನು ಒತ್ತಿ ಹಿಡಿದಿದ್ದಳು. ನಾನು ಯಾರೆಂದು ಹೇಳಿ, ಆ ದಿನ ಅಡಿಗೆಮನೆಯಲ್ಲಿ ಅಕ್ಕ ಹೇಳಿದ್ದೇನು, ನಾನು ಹೇಳಿದ್ದೇನು ಎಲ್ಲ ಹೇಳಿದೆ. ಆಕೆ ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

‘ನನ್ನ ಹೆಸರು ತಗದಿದ್ಳೇನು?’

‘ನಿಮ್ಮ ಹೆಸರು ತಗದೇ ಹೇಳಿದ್ಳು. ಸೆರಗು ಎಳಕೊಂಡಿದ್ದೂ ಹೇಳಿದ್ಳು.’

‘ಈಗ ಹೇಳಿದ್ರ ಕೈ ಬರ್ತದೇನು?’

‘ಇಲ್ಲ.’

‘ಮತ್ತ್ಯಾಕ ಬಂದಿ?’

‘ಅಕ್ಕನ ಹೆಸರಿಗಿ ಬಂದೀನಿ. ಆಕಿ ಕೈ ತಿಂದಾಕಿ ಅಲ್ಲ. ನಾ.’

ಆಗ ಆಕೆ ತಲೆಯೆತ್ತಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

‘ಹಂಗಿದ್ರ ನನಗೊಬ್ಬಾಕಿಗಿ ಹೇಳಿ ಹೋದ್ರ ಹ್ಯಾಂಗ? ಆ ಮಾತು ಆಡಿದವ್ರು ಎಲ್ಲಾರೂ ಇಲ್ಲೇ ಅದಾರ. ನಳ ಬರೋ ಹೊತ್ತು, ನಿಲ್ಲು.’

ನಳ ಬಂತು, ಕೊಡ ಹಿಡಿದು ಹೆಣ್ಣುಮಕ್ಕಳು ಬಂದರು. ಲಕ್ಷ್ಮೀಬಾಯಿ ಎಲ್ಲರಿಗೂ ಕೇಳುವಂತೆ ಕೂಗಿದಳು, ‘ಬರ್ರೇ ಇಲ್ಲಿ, ಶಾಂತಾಬಾಯಿ ತಮ್ಮ ಒಂದು ಮಾತು ಹೇಳ್ತಾನಂತ.’ ನಾನು ಅವರೆಲ್ಲರ ಮುಂದೆ ಇನ್ನೊಮ್ಮೆ ಹೇಳಿದೆ. ನೀರು ತುಂಬಿ ಹೊರಚೆಲ್ಲುವವರೆಗೂ ಯಾರೂ ಕೊಡ ಎತ್ತಲಿಲ್ಲ. ಒಬ್ಬ ಮುದುಕಿ ನನ್ನ ಹತ್ತಿರ ಬಂದು, ‘ಅಕ್ಕನ ಮಾತು ನುಂಗಿ ಹ್ಯಾಂಗ ಅನ್ನ ನುಂಗಿದ್ಯೋ ಇಷ್ಟು ವರ್ಷ?’ ಎಂದಳು.

ಅಲ್ಲಿಂದ ಅಕ್ಕನ ಮನೆಗೆ ನಡೆದು ಹೋದೆ. ಮಾತು ನನಗಿಂತ ಮೊದಲೇ ಮುಟ್ಟಿತ್ತು. ದಾಜಿ ಪಡಸಾಲೆಯಲ್ಲಿ ಕೂತಿದ್ದರು, ನನ್ನ ಕಡೆ ನೋಡಲಿಲ್ಲ. ಅಕ್ಕ ಅಡಿಗೆಮನೆಯಲ್ಲಿದ್ದಳು. ಮುದುಕಿಯಾಗಿದ್ದಾಳೆ, ಮೊಣಕಾಲು ಹಿಡಿದುಕೊಂಡು ಏಳುತ್ತಾಳೆ.

‘ಐಕಲಂ,’ ಎಂದಳು. ಕೇಳಿದೆ ಎಂದು. ಅಷ್ಟೇ. ಛಾ ಕೊಟ್ಟಳು. ನಾನು ಕುಡಿದು ಕಪ್ಪು ತೊಳೆದಿಟ್ಟೆ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದೆ, ‘ಅಕ್ಕಾ, ಪಂಚಮಿಗಿ ಬರ್ತಿಯೇನು?’

ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು.

‘ಬಘೂ,’ ಎಂದಳು.

ಮನೆಗೆ ಬಂದಾಗ ನನ್ನ ಹೆಂಡತಿ ಉಂಡಿಗೆಂದು ಎಳ್ಳು ಹಸನು ಮಾಡುತ್ತ ಕೂತಿದ್ದಳು. ಜೋಕಾಲಿ ಕಟ್ಟಲು ಮರಕ್ಕೆ ಹೊಸ ಹಗ್ಗ ತರಿಸಬೇಕೆಂದು ಮೊದಲೇ ಹೇಳಿಟ್ಟಿದ್ದಳು.

‘ಏನಂದ್ರು ನಮ್ಮ ಅತ್ಗಿಯವ್ರು? ಬರ್ತಾರಂತೇನು?’

‘ಬಘೂ ಅಂದಾಳ.’

‘ಅಂದ್ರ ಬರ್ತೀನಿ ಅಂದಂಗೇ ಆಯ್ತಲ್ಲ!’

‘ಇಲ್ಲ,’ ಎಂದೆ. ‘ನೋಡೋಣು ಅಂದಾಳ. ಅಷ್ಟೇ ಅಂದಾಳ.’